ಬೆಟ್ಟದ ಪ್ಲಾನ್, ಅಮ್ಮನ ಮಂಡಿಯ ಲೆಕ್ಕದಲ್ಲಿ

ಮಾರ್ಚ್ ತಿಂಗಳು ಬಂತು ಅಂದ್ರೆ ಮನೆಮನೆಯ ವಾಟ್ಸ್ಆಪ್ ಗ್ರೂಪಿನಲ್ಲಿ ಒಂದೇ ಮಾತು: ‘ಈ ಸಲ ರಜಕ್ಕೆ ಎಲ್ಲಿಗೆ?’ ಅಕ್ಕ ಒಂದು ರೀಲ್ಸ್ ಕಳಿಸ್ತಾಳೆ, ಭಾವ ರೆಸಾರ್ಟ್ ಲಿಂಕ್ ಹಾಕ್ತಾರೆ, ಮಕ್ಕಳು ಹಿಮ ಬೇಕು ಅಂತಾರೆ. ಎರಡು ದಿನ ಇಮೋಜಿಗಳ ಮಳೆ ಸುರಿದ ಮೇಲೆ ಅಮ್ಮನದೊಂದು ವಾಯ್ಸ್ ಮೆಸೇಜ್ ಬರುತ್ತೆ: ‘ನೀವೆಲ್ಲ ಹೋಗ್ಬನ್ನಿ, ನಾನು ಮನೆ ನೋಡ್ಕೊಂಡಿರ್ತೀನಿ. ನನಗ್ಯಾಕೆ ಈ ವಯಸ್ಸಲ್ಲಿ ಬೆಟ್ಟ ಗಿಟ್ಟ?’

ಈ ಮಾತನ್ನು ನಾವು ಬಹಳ ಬೇಗ ನಂಬಿಬಿಡ್ತೀವಿ. ಒಂದು ರೂಮ್ ಕಡಿಮೆ ಸಾಕು, ಕಾರಲ್ಲಿ ಜಾಗ ಆಗುತ್ತೆ ಅಂತ ಒಳಗೊಳಗೇ ಲೆಕ್ಕವೂ ಆಗಿಬಿಡುತ್ತೆ. ಆದರೆ ಹಿರಿಯರು ‘ಬೇಡ’ ಅಂದಾಗ ಬಹಳಷ್ಟು ಸಲ ಅವರ ಮನಸ್ಸಲ್ಲಿ ಇರೋದು ಮೂರು ಪ್ರಶ್ನೆ. ಎಷ್ಟು ಮೆಟ್ಟಿಲು ಹತ್ತಬೇಕು? ದಾರಿಯಲ್ಲಿ ಟಾಯ್ಲೆಟ್ ಎಲ್ಲಿ ಸಿಗುತ್ತೆ? ನನ್ನಿಂದ ಎಲ್ಲರಿಗೂ ತಡ ಆಗುತ್ತಾ? ಇವನ್ನ ಬಾಯಿಬಿಟ್ಟು ಕೇಳೋಕೆ ಅವರಿಗೆ ಸಂಕೋಚ. ಅದಕ್ಕೇ ‘ಮನೆ ನೋಡ್ಕೋತೀನಿ’ ಅಂತಾರೆ.

ಹಾಗಾಗಿ ಈ ಸಲದ ಅಂಕಣದಲ್ಲಿ ಒಂದೇ ಜಾಗ, ಒಂದೇ ಪ್ಲಾನ್. ಆ ಮೂರು ಪ್ರಶ್ನೆಗಳಿಂದಲೇ ಶುರು ಮಾಡೋಣ. ಜಾಗ: ಕೇರಳದ ಮುನ್ನಾರ್ ಪಕ್ಕದ ಎರವಿಕುಳಂ ರಾಷ್ಟ್ರೀಯ ಉದ್ಯಾನ.

ಯಾಕೆ ಎರವಿಕುಳಂ? ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಆನಮುಡಿ ಇರೋದು ಇಲ್ಲೇ, 2,695 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 700 ಮೀಟರಿಗೂ ಹೆಚ್ಚು. ಉದ್ಯಾನದ ವಿಸ್ತೀರ್ಣ 97 ಚದರ ಕಿಲೋಮೀಟರ್. ಹುಲ್ಲುಗಾವಲು, ಅದರ ಮಡಿಲಲ್ಲಿ ಶೋಲಾ ಕಾಡು, ಬಂಡೆಗಳ ಮೇಲೆ ನೀಲಗಿರಿ ಥಾರ್ ಅನ್ನೋ ಬೆಟ್ಟದ ಮೇಕೆಗಳ ಹಿಂಡು. ಪ್ರಪಂಚದಲ್ಲಿ ಈ ಪ್ರಾಣಿ ಇರೋದು ಪಶ್ಚಿಮ ಘಟ್ಟದ ಕೇರಳ, ತಮಿಳುನಾಡು ಭಾಗದಲ್ಲಿ ಮಾತ್ರ. ಮುಖ್ಯ ವಿಷಯ ಅಂದ್ರೆ, ಇಷ್ಟನ್ನೆಲ್ಲ ನೋಡೋಕೆ ಟ್ರೆಕ್ಕಿಂಗ್ ಮಾಡಬೇಕಿಲ್ಲ. ಪ್ರವಾಸಿಗರಿಗೆ ಬಿಡೋದು ರಾಜಮಲೆ ಅನ್ನೋ ಒಂದು ಭಾಗಕ್ಕೆ. ಅಲ್ಲಿ ಖಾಸಗಿ ಗಾಡಿ ಬಿಡೋದಿಲ್ಲ, ಕೆಳಗಿನಿಂದ ಅರಣ್ಯ ಇಲಾಖೆಯ ಬಸ್ ಮೇಲಕ್ಕೆ ಕರೆದುಕೊಂಡು ಹೋಗುತ್ತೆ. ಬಸ್ ಇಳಿದ ಮೇಲೆ ನಡಿಗೆ ಇರೋದು ಟಾರ್ ರಸ್ತೆಯಲ್ಲಿ. ಏರು ಇದೆ ನಿಜ, ಆದರೆ ಸಾಕು ಅನ್ನಿಸಿದ ಕಡೆ ನಿಂತು ವಾಪಸ್ ತಿರುಗಬಹುದು. ಅರ್ಧ ದಾರಿಯಲ್ಲಿ ನಿಂತವರಿಗೂ ಅದೇ ಬೆಟ್ಟ, ಅದೇ ಗಾಳಿ.

‘ಅಷ್ಟು ಎತ್ತರಕ್ಕೆ ಹೋದ್ರೆ ಉಸಿರು ಕಟ್ಟಲ್ವಾ?’ ಅಂತ ಅಪ್ಪ ಕೇಳ್ತಾರೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡೋದು 2,500 ಮೀಟರ್ ದಾಟಿದ ಮೇಲೆ. ಪ್ರವಾಸಿಗರು ಓಡಾಡೋ ರಾಜಮಲೆ ಅದಕ್ಕಿಂತ ಕೆಳಗಿದೆ. ಆದರೂ ಹೃದಯದ ತೊಂದರೆ, ಆಸ್ತಮಾ ಇರುವವರು ಹೊರಡೋ ಮೊದಲು ತಮ್ಮ ಡಾಕ್ಟರನ್ನ ಒಂದು ಮಾತು ಕೇಳಿಬಿಡಿ. ಬಿಪಿಗೆ ಮೂತ್ರ ಹೆಚ್ಚಿಸೋ ಮಾತ್ರೆ ತಗೊಳ್ಳೋರು ಪ್ರಯಾಣದ ದಿನ ಅದನ್ನ ಯಾವ ಹೊತ್ತಿಗೆ ತಗೋಬೇಕು ಅಂತಲೂ ಆಗಲೇ ಕೇಳಿ. ಇದು ಸಣ್ಣ ವಿಷಯ ಅಲ್ಲ. ಟಾಯ್ಲೆಟ್ ಸಿಗಲ್ಲ ಅನ್ನೋ ಭಯಕ್ಕೆ ನಮ್ಮ ಅಮ್ಮಂದಿರು, ಅತ್ತೆಯಂದಿರು ಬೆಳಗಿಂದ ನೀರೇ ಕುಡಿಯದೆ ಕೂತಿರ್ತಾರೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಸುಸ್ತು. ನಾವು ‘ವಯಸ್ಸಾಯ್ತಲ್ಲ’ ಅಂತೀವಿ. ನಿಜವಾದ ಕಾರಣ ಬಾಟಲಿಯಲ್ಲಿ ಹಾಗೇ ಉಳಿದ ನೀರು.

ಇನ್ನು ದಿನಾಂಕ. ಎರವಿಕುಳಂ ವರ್ಷಪೂರ್ತಿ ತೆರೆದಿರೋದಿಲ್ಲ. ಥಾರ್‌ಗಳು ಮರಿ ಹಾಕೋ ಕಾಲ ಅಂತ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್ ತಿಂಗಳು ಬಾಗಿಲು ಹಾಕಿರ್ತಾರೆ. ಬಾಣಂತನದ ಮನೆಗೆ ನೆಂಟರು ನುಗ್ಗಬಾರದು ಅಂತ ನಮ್ಮ ಹಿರಿಯರು ಹೇಳ್ತಾರಲ್ಲ, ಅದೇ ನ್ಯಾಯ. ಏಪ್ರಿಲ್‌ನಲ್ಲಿ ಮತ್ತೆ ತೆರೆದಾಗ ತಾಯಂದಿರ ಹಿಂದೆ ಮರಿಗಳು ಓಡಾಡ್ತಿರ್ತವೆ. ಜೂನ್ ಮೊದಲ ವಾರಕ್ಕೆ ಕೇರಳಕ್ಕೆ ಮುಂಗಾರು ಕಾಲಿಡುತ್ತೆ. ಅಂದ್ರೆ ನಮ್ಮ ಶಾಲೆಗಳ ಬೇಸಿಗೆ ರಜೆಗೂ ಉದ್ಯಾನಕ್ಕೂ ಹೊಂದೋದು ಏಪ್ರಿಲ್, ಮೇ ಎರಡೇ ತಿಂಗಳು. ಅದರಲ್ಲೂ ಏಪ್ರಿಲ್ ಮಧ್ಯದ ವಿಷು ಹಬ್ಬದ ಆಸುಪಾಸು ಬಿಡಿ, ವಾರಾಂತ್ಯ ಬಿಡಿ. ಮಂಗಳವಾರ, ಬುಧವಾರಕ್ಕೆ ಎರಡು ದಿನ ರಜೆ ಹಾಕೋಕೆ ಆಗುತ್ತಾ ನೋಡಿ. ಕ್ಯೂನಲ್ಲಿ ನಿಲ್ಲೋದು ನಿಮಗೆ ಬರೀ ಬೇಜಾರು, ಮಂಡಿ ನೋವಿರೋರಿಗೆ ಅದು ಶಿಕ್ಷೆ. ಟಿಕೆಟ್ ಆನ್‌ಲೈನ್‌ನಲ್ಲೇ ಸಿಗುತ್ತೆ, ಬೆಳಗಿನ ಮೊದಲ ಹೊತ್ತಿನದ್ದೇ ತಗೊಳ್ಳಿ. ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗು ಮಳೆ ಬರೋದು ಘಟ್ಟದಲ್ಲಿ ಮಾಮೂಲು. ಬುಕ್ ಮಾಡುವಾಗಲೇ ವಯಸ್ಸಾದವರಿಗೆ ಮೇಲೆ ಬಗ್ಗಿ ಗಾಡಿ ಸಿಗುತ್ತಾ ಅಂತ ವಿಚಾರಿಸಿಕೊಳ್ಳಿ. ಟಿಕೆಟ್ಟಿನ ಸ್ಕ್ರೀನ್‌ಶಾಟ್ ಫೋನಲ್ಲಿರಲಿ, ಬೆಟ್ಟದಲ್ಲಿ ನೆಟ್‌ವರ್ಕ್ ನಂಬಬೇಡಿ.

ಹೋಗೋದು ಹೇಗೆ? ಬೆಂಗಳೂರಿನಿಂದ ಕಾರಲ್ಲಿ ಹೋಗೋರು ಹೊಸೂರು, ಸೇಲಂ ಮೇಲೆ ಉಡುಮಲೈಪೇಟೆ ತಲುಪಿ, ಅಲ್ಲಿಂದ ಚಿನ್ನಾರ್, ಮರಯೂರು ದಾರಿ ಹಿಡೀತಾರೆ. ಒಟ್ಟು 450 ಕಿಲೋಮೀಟರ್ ಮೇಲೇ ಆಗುತ್ತೆ. ಮಕ್ಕಳು, ಹಿರಿಯರು ಇರುವಾಗ ಒಂದೇ ದಿನಕ್ಕೆ ಇದನ್ನ ಮುಗಿಸೋ ಶೂರತನ ಬೇಡ. ಬಂಡೀಪುರದ ರಾತ್ರಿ 9ರ ಗೇಟ್ ನಮಗೆಲ್ಲ ಗೊತ್ತಲ್ಲ, ಚಿನ್ನಾರ್ ಕಾಡಿನ ದಾರಿಯಲ್ಲೂ ರಾತ್ರಿ ಓಡಾಟಕ್ಕೆ ನಿರ್ಬಂಧ ಇದೆ. ಬೆಳಕಿರುವಾಗಲೇ ಚೆಕ್‌ಪೋಸ್ಟ್ ದಾಟೋ ಹಾಗೆ ಲೆಕ್ಕ ಹಾಕಿ. ಮೊದಲ ರಾತ್ರಿ ಬಯಲು ಸೀಮೆಯಲ್ಲೇ ಉಳಿದು, ಮರುದಿನ ಬೆಳಿಗ್ಗೆ ಇಡ್ಲಿ ತಿಂದು ಘಟ್ಟ ಹತ್ತಿದ್ರೆ ಎಲ್ಲರಿಗೂ ಹಿತ. ಪೂರಿ, ವಡೆ ತಿಂದು ತಿರುವು ಹತ್ತಿದ್ರೆ ಏನಾಗುತ್ತೆ ಅಂತ ಹಿಂದಿನ ಸೀಟಿನವರು ಹೇಳ್ತಾರೆ. ವಾಂತಿ ಆಗೋರಿಗೆ ಮುಂದಿನ ಸೀಟು ಬಿಟ್ಟುಕೊಡಿ, ಫೋನ್ ನೋಡೋದು ಬೇಡ ಅನ್ನಿ.

ಮರಯೂರಲ್ಲಿ ಒಂದು ಗಂಟೆ ನಿಲ್ಲಿಸಿ. ಶ್ರೀಗಂಧದ ಕಾಡಿದೆ, ಆಲೆಮನೆಗಳಿವೆ, ಬಂಡೆಗಳ ಮೇಲೆ ಸಾವಿರಾರು ವರ್ಷ ಹಳೆಯ ಕಲ್ಗೋರಿಗಳಿವೆ. ಮರಯೂರು ಬೆಲ್ಲಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಮಂಡ್ಯದ ಕಡೆಯ ಅಜ್ಜಿ ಇದ್ರೆ ಅಲ್ಲಿಯ ಬೆಲ್ಲದ ಉಂಡೆ ಬಾಯಿಗೆ ಹಾಕ್ಕೊಂಡು ತೀರ್ಪು ಕೊಡದೆ ಬಿಡಲ್ಲ.

ಕಾರು ಬೇಡ ಅನ್ನೋರಿಗೆ ರೈಲಿದೆ. ಬೆಂಗಳೂರಿನಿಂದ ರಾತ್ರಿ ಹತ್ತಿದ್ರೆ ಬೆಳಿಗ್ಗೆ ಆಲುವಾ, ಅಲ್ಲಿಂದ ಟ್ಯಾಕ್ಸಿಯಲ್ಲಿ ಸುಮಾರು 110 ಕಿಲೋಮೀಟರ್ ಘಟ್ಟದ ದಾರಿ. ಈಗ ರೈಲು ಬುಕಿಂಗ್ ತೆರೆಯೋದು 60 ದಿನ ಮೊದಲು. ಹಿರಿಯರಿಗೆ ಕೆಳಗಿನ ಬರ್ತ್ ಬೇಕು ಅಂದ್ರೆ ಆ ದಿನ ಬೆಳಿಗ್ಗೆಯೇ ಕೂರಬೇಕು.

ರೂಮ್ ವಿಷಯಕ್ಕೆ ಬನ್ನಿ. ಮುನ್ನಾರ್ ಕಡೆ ಬಹಳಷ್ಟು ರೆಸಾರ್ಟ್‌ಗಳು ಇಳಿಜಾರಿನಲ್ಲಿವೆ. ‘ವ್ಯೂ ಸೂಪರ್’ ಅಂತ ಬರೆದಿದ್ರೆ ಬಹುತೇಕ ‘ಮೆಟ್ಟಿಲು ಜಾಸ್ತಿ’ ಅಂತ ಓದಿಕೊಳ್ಳಿ. ಆ್ಯಪ್‌ನಲ್ಲಿ ದುಡ್ಡು ಕಟ್ಟೋ ಮೊದಲು ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಕಾರು ನಿಲ್ಲಿಸೋ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು? ರೂಮಿಂದ ಊಟದ ಹಾಲ್‌ಗೆ ಎಷ್ಟು? ಬಾತ್‌ರೂಮಲ್ಲಿ ವೆಸ್ಟರ್ನ್ ಕಮೋಡ್ ಇದೆಯಾ? ‘ಸ್ವಲ್ಪ ಇವೆ ಸರ್’ ಅಂದ್ರೆ ಬಿಡಬೇಡಿ, ಸಂಖ್ಯೆ ಕೇಳಿ. ನಮ್ಮಮ್ಮನ ಜೊತೆ ಹೊರಡುವಾಗಲೆಲ್ಲ ನಾನು ಮೊದಲು ಬರೆದುಕೊಳ್ಳೋದೇ ಈ ಸಂಖ್ಯೆ. ಅದನ್ನ ಅವರಿಗೂ ಹೇಳ್ತೀನಿ. ‘ಹನ್ನೆರಡೇನಾ? ಅಷ್ಟಾದ್ರೆ ಆಗುತ್ತೆ ಬಿಡು’ ಅಂತ ಅವರೇ ಸೂಟ್‌ಕೇಸ್ ಇಳಿಸೋಕೆ ಹೇಳ್ತಾರೆ. ಊಟದ ಚಿಂತೆ ಬೇಡ. ಚಹಾ ತೋಟಗಳಿಂದಾಗಿ ಮುನ್ನಾರಲ್ಲಿ ತಮಿಳರು ಬಹಳ ಮಂದಿ, ಇಡ್ಲಿ, ದೋಸೆ, ಮೊಸರನ್ನ ಸಲೀಸಾಗಿ ಸಿಗುತ್ತೆ.

ಬೆಟ್ಟದ ಮೇಲೆ ಎರಡು ನಿಯಮ. ಒಂದು, ಎಲ್ಲರಿಗಿಂತ ನಿಧಾನ ನಡೆಯೋರು ಮುಂದೆ, ಉಳಿದವರು ಅವರ ಹಿಂದೆ. ಇದರಿಂದ ‘ನನ್ನಿಂದ ತಡ ಆಯ್ತು’ ಅನ್ನೋ ಮಾತೇ ಹುಟ್ಟಲ್ಲ. ಮಂಡಿಗೆ ಹತ್ತೋದಕ್ಕಿಂತ ಇಳಿಯೋದು ಕಷ್ಟ, ಹಾಗಾಗಿ ಶಕ್ತಿ ಪೂರ್ತಿ ಖಾಲಿಯಾಗೋ ಮೊದಲೇ ತಿರುಗಿ. ಕೈಗೊಂದು ಕೋಲು, ಬೆಚ್ಚಗಿನ ಸ್ವೆಟರ್, ತಲೆಗೆ ಟೋಪಿ, ಸ್ಟೀಲ್ ಬಾಟಲಿ ಇರಲಿ. ಎರಡು, ಥಾರ್ ರಸ್ತೆ ಪಕ್ಕದಲ್ಲೇ ನಿಂತಿದ್ರೂ ಮುಟ್ಟಬೇಡಿ, ಬಿಸ್ಕತ್ತು ಕೊಡಬೇಡಿ. ಅವು ನಮ್ಮನ್ನ ಕಂಡು ಓಡದೆ ಇರೋದು ಇಷ್ಟು ವರ್ಷದಲ್ಲಿ ಹುಟ್ಟಿದ ನಂಬಿಕೆಯಿಂದ.

ಆ ನಂಬಿಕೆಯ ಕಥೆಯನ್ನ ಮಕ್ಕಳಿಗೆ ಹೇಳಿ. ಬ್ರಿಟಿಷರ ಕಾಲದಲ್ಲಿ ಈ ಬೆಟ್ಟ ಚಹಾ ತೋಟದ ಸಾಹೇಬರ ಬೇಟೆಯ ಜಾಗ. ಬೇಟೆಗೆ ದಾರಿ ತೋರಿಸ್ತಾ, ಕಾವಲು ಕಾಯ್ತಾ ಇದ್ದವರು ಅಲ್ಲಿಯ ಮುದುವಾನ್ ಬುಡಕಟ್ಟಿನ ಜನ. 1971ರಲ್ಲಿ ಕೇರಳ ಸರ್ಕಾರ ಕಾನೂನು ತಂದು ಕಂಪನಿಯಿಂದ ಭೂಮಿ ವಾಪಸ್ ಪಡೀತು. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನ. ಬಂದೂಕು ಹಿಡಿದು ಹತ್ತುತ್ತಿದ್ದ ಬೆಟ್ಟಕ್ಕೆ ಈಗ ನಾವು ಕ್ಯಾಮೆರಾ ಹಿಡಿದು ಹೋಗ್ತೀವಿ.

ಒಂದು ಎಚ್ಚರಿಕೆ. ರೀಲ್ಸ್‌ನಲ್ಲಿ ಬೆಟ್ಟವೆಲ್ಲ ನೀಲಿಯಾಗಿ ಕಂಡ್ರೆ ಮನೆಯವರಿಗೆ ಅದನ್ನ ತೋರಿಸ್ತೀನಿ ಅಂತ ಮಾತು ಕೊಡಬೇಡಿ. ಅದು ನೀಲಕುರಿಂಜಿ, ಹನ್ನೆರಡು ವರ್ಷಕ್ಕೊಮ್ಮೆ ಅರಳೋ ಹೂವು. ಇಲ್ಲಿ ಕಳೆದ ಸಲ ಅರಳಿದ್ದು 2018ರಲ್ಲಿ, ಮುಂದಿನದು 2030ಕ್ಕೆ. ‘ಹಾಗಾದ್ರೆ ಆಗಲೇ ಹೋದ್ರಾಯ್ತು’ ಅನ್ನೋರು ಒಂದು ಲೆಕ್ಕ ಮಾಡಿ: 2030ಕ್ಕೆ ಅಪ್ಪ ಅಮ್ಮನ ವಯಸ್ಸು ಎಷ್ಟಾಗಿರುತ್ತೆ? ಹೂವು ಹನ್ನೆರಡು ವರ್ಷ ಕಾದು ಮತ್ತೆ ಬರುತ್ತೆ. ಮಂಡಿಯ ಶಕ್ತಿ ಹಾಗೆ ವಾಪಸ್ ಬರಲ್ಲ. ಹೂವಿಲ್ಲದ ಈ ಬೇಸಿಗೆಯಲ್ಲಿ ಅವರು ಒಂದು ಕಿಲೋಮೀಟರ್ ನಡೆಯಬಲ್ಲರು ಅಂದ್ರೆ, ಹೋಗೋಕೆ ಈ ಬೇಸಿಗೆಯೇ ಒಳ್ಳೆಯದು.

ಆದ್ದರಿಂದ ಗ್ರೂಪಿನಲ್ಲಿ ಚರ್ಚೆ ಮುಗಿಯೋವರೆಗೆ ಕಾಯಬೇಡಿ. ಇವತ್ತು ರಾತ್ರಿ ಊಟ ಆದ ಮೇಲೆ ಅಮ್ಮನ ಪಕ್ಕ ಕೂತು, ‘ಬರ್ತೀರಾ?’ ಅನ್ನೋ ಬದಲು ‘ಎಷ್ಟು ದೂರ ನಡೆದ್ರೆ ನಿಮಗೆ ಸುಸ್ತಾಗಲ್ಲ?’ ಅಂತ ಕೇಳಿ. ಅವರು ಹೇಳೋ ದೂರವನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ದಿನಾಂಕ, ರೂಮು, ಗಾಡಿ ಎಲ್ಲ ಅದಾದ ಮೇಲೆ.