ಜಪಾನಿನ ಪೇಟೆಯೂ ನಮ್ಮ ಯಂತ್ರವಿದ್ಯೆಯೂ

ನೆಲ, ಜಲ, ವಾಯುಗಳನ್ನು ಶುದ್ಧವಾಗಿಡುವ ಯಂತ್ರವಿದ್ಯೆಗೆ ಜಪಾನು ದೇಶದಲ್ಲಿ ಈಗ ದೊಡ್ಡ ಬೇಡಿಕೆ ಹುಟ್ಟಿದೆ. 2050ನೆಯ ಇಸವಿಯ ಹೊತ್ತಿಗೆ ತಮ್ಮ ದೇಶವು ವಾಯುಮಂಡಲದ ಮೇಲೆ ಹೊರಿಸುವ ಇಂಗಾಲದ ಭಾರವನ್ನು ಲೆಕ್ಕಕ್ಕೆ ಸೊನ್ನೆಯಾಗಿಸುವುದೆಂದು ಆಗಿನ ಪ್ರಧಾನಮಂತ್ರಿ ಸುಗಾ ಯೋಶಿಹಿದೆಯವರು 2020ರ ಅಕ್ಟೋಬರಿನಲ್ಲಿ ಸಾರಿದರು. 2023ರಲ್ಲಿ ಇದಕ್ಕೆ ಬೆಂಬಲವಾಗಿ ಶಾಸನವಾಯಿತು. ಹತ್ತು ವರ್ಷಗಳಲ್ಲಿ ಸರ್ಕಾರದವರೂ ಖಾಸಗಿಯವರೂ ಕೂಡಿ 150 ಲಕ್ಷ ಕೋಟಿ ಯೆನ್ ಬಂಡವಾಳ ಹೂಡುವುದೆಂದೂ, ಅದರಲ್ಲಿ 20 ಲಕ್ಷ ಕೋಟಿಯನ್ನು ಸರ್ಕಾರದವರೇ ಸಾಲಪತ್ರಗಳ ಮೂಲಕ ಒದಗಿಸುವುದೆಂದೂ ಅವರ ಸಂಕಲ್ಪ. ಈ ಹಣದಲ್ಲಿ ನಮ್ಮ ಕಾರ್ಖಾನೆಗಳಿಗೆ ಎಷ್ಟು ಸಲ್ಲುವುದು, ಯಾವ ಸರಕಿಗಾಗಿ ಸಲ್ಲುವುದು ಎಂಬುದನ್ನು ನಮ್ಮ ವರ್ತಕರೂ ಅಧಿಕಾರಿಗಳೂ ಈಗಲೇ ಯೋಚಿಸತಕ್ಕದ್ದು.

ಜಪಾನೀಯರು ಈ ವಿದ್ಯೆಗೆ ಹೊಸಬರಲ್ಲ. ಕಾರ್ಖಾನೆಯೊಂದು ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಮಿನಮಾತಾದ ಬೆಸ್ತರ ಮನೆಗಳಲ್ಲಿ ಹರಡಿದ ಭಯಂಕರ ರೋಗವು 1956ರಲ್ಲಿ ಬೆಳಕಿಗೆ ಬಂದಿತು. ಇಂತಹ ಹಲವು ದುಃಖಗಳನ್ನುಂಡ ಮೇಲೆ, 1970ರಲ್ಲಿ ಅಲ್ಲಿನ ಶಾಸನಸಭೆಯು ಒಂದೇ ಅಧಿವೇಶನದಲ್ಲಿ ಮಾಲಿನ್ಯವನ್ನು ಕುರಿತ 14 ಶಾಸನಗಳನ್ನು ಅಂಗೀಕರಿಸಿತು. ಅಂದಿನಿಂದ ಹೊಗೆಯನ್ನು ತೊಳೆಯುವ, ನೀರನ್ನು ಸೋಸುವ, ಕಸವನ್ನು ಸುಡುವ ಯಂತ್ರಗಳನ್ನು ಅವರೇ ನಿರ್ಮಿಸಿ ಲೋಕಕ್ಕೆಲ್ಲ ಮಾರುತ್ತಿದ್ದಾರೆ. ಸಾಮಾನ್ಯವಾದ ಸೋಸುಯಂತ್ರವನ್ನು ಅಲ್ಲಿಗೆ ಒಯ್ಯುವುದೆಂದರೆ ಗಾಣಿಗನ ಮನೆಗೆ ಎಣ್ಣೆ ಹೊತ್ತಂತೆಯೇ ಸರಿ.

ಆದರೆ ಎಲ್ಲವೂ ಅವರ ಕೈಯಲ್ಲಿಲ್ಲ. ತಮಗೆ ಬೇಕಾದ ಇಂಧನಶಕ್ತಿಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚನ್ನು ಅವರು ಹೊರದೇಶಗಳಿಂದ ತರಿಸಬೇಕಾಗಿದೆ. ಕಡಲ ಗಾಳಿಯಿಂದ ವಿದ್ಯುತ್ತನ್ನು ಪಡೆಯಲು ಅವರು ಹೊರಟಾಗ, ದೊಡ್ಡ ಗಾಳಿಯಂತ್ರಗಳನ್ನು ಮಾಡುವ ಸ್ವದೇಶೀ ಕಾರ್ಖಾನೆಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಹಿಟಾಚಿಯವರು 2019ರಲ್ಲಿ ಆ ಕೆಲಸವನ್ನು ಬಿಡುವುದಾಗಿ ಪ್ರಕಟಿಸಿದರು. ಆ ತೆರಪನ್ನು ತುಂಬಿದವರು ಯಾರು? ಪುಟ್ಟ ಡೆನ್ಮಾರ್ಕಿನ ವೆಸ್ತಾಸ್ ಸಂಸ್ಥೆಯವರು. 2022ರ ಕೊನೆಯಲ್ಲೂ 2023ರ ಆರಂಭದಲ್ಲೂ ಅಕಿತಾ ಪ್ರಾಂತದ ಬಂದರುಗಳಲ್ಲಿ ತಿರುಗಲಾರಂಭಿಸಿದ 33 ಗಾಳಿಯಂತ್ರಗಳೂ ಅವರವೇ. ಅವರು ಒಂದೇ ದಿನದಲ್ಲಿ ಅಲ್ಲಿಗೆ ಹೋಗಿ ಮಾರಿ ಬಂದವರಲ್ಲ. 2014ರಿಂದಲೇ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಸಂಸ್ಥೆಯೊಡನೆ ಪಾಲುಗೂಡಿ, ಆ ದೇಶದ ರೀತಿನೀತಿಗಳನ್ನು ಅರಿತು ನಿಂತವರು.

ನಮ್ಮವರಿಗೂ ಎಡೆಯುಂಟು. 2025ರ ಜನವರಿಯಲ್ಲಿ ಸೈತಾಮಾ ಪ್ರಾಂತದ ಯಶಿಯೋ ಪಟ್ಟಣದಲ್ಲಿ ಹಳೆಯ ಒಳಚರಂಡಿಯ ಕೊಳವೆ ಕುಸಿದು, ಬೀದಿಯೇ ಬಾಯ್ತೆರೆದು ಲಾರಿಯೊಂದನ್ನು ನುಂಗಿತು. ಸುಮಾರು 12 ಲಕ್ಷ ಜನರು ನೀರಿನ ಬಳಕೆಯನ್ನು ತಗ್ಗಿಸಬೇಕೆಂದು ಅಧಿಕಾರಿಗಳು ಕೇಳಿಕೊಳ್ಳಬೇಕಾಯಿತು. ಆ ದೇಶದ ಒಳಚರಂಡಿಗಳ ಉದ್ದವು ಸುಮಾರು 4,90,000 ಕಿಲೋಮೀಟರು. ಅವು ಮುಪ್ಪಾಗುತ್ತಿವೆ, ಅವುಗಳನ್ನು ನೋಡಿಕೊಳ್ಳತಕ್ಕ ಜನರೂ ಮುಪ್ಪಾಗುತ್ತಿದ್ದಾರೆ. ಇತ್ತ ನಮ್ಮ ದೇಶದಲ್ಲಿ, ಮನುಷ್ಯನನ್ನು ಚರಂಡಿಗಿಳಿಸುವ ಪಾಪವನ್ನು ಕೊನೆಗಾಣಿಸಬೇಕೆಂಬ ಛಲದಿಂದ ಕೇರಳದ ತರುಣ ಎಂಜಿನಿಯರುಗಳು 2018ರಲ್ಲಿ ಬ್ಯಾಂಡಿಕೂಟ್ ಎಂಬ ಯಂತ್ರಮಾನವನನ್ನು ಕೆಲಸಕ್ಕೆ ಹಚ್ಚಿದರು. ನಮ್ಮ ಕಷ್ಟದಿಂದ ಹುಟ್ಟಿದ ಇಂತಹ ಯುಕ್ತಿಗಳೇ ಆಳುಗಳ ಅಭಾವವಿರುವ ಜಪಾನಿನಲ್ಲಿ ಬೆಲೆಬಾಳುವ ಸರಕಾಗಬಲ್ಲವು.

ಆದರೆ ಆ ಪೇಟೆಯು ಅಗ್ಗದ ಬೆಲೆಗೆ ಮರುಳಾಗುವುದಲ್ಲ. ಪೂರ್ವ ಜಪಾನಿನ ವಿದ್ಯುತ್ತು 50 ಹರ್ಟ್ಜ್, ಪಶ್ಚಿಮದ್ದು 60 ಹರ್ಟ್ಜ್; ಹತ್ತೊಂಬತ್ತನೆಯ ಶತಮಾನದ ಕೊನೆಗೆ ಟೋಕಿಯೋದವರು ಜರ್ಮನಿಯಿಂದಲೂ ಓಸಾಕಾದವರು ಅಮೆರಿಕದಿಂದಲೂ ಯಂತ್ರಗಳನ್ನು ತರಿಸಿದ್ದರ ಫಲವಿದು. ಇಷ್ಟನ್ನೂ ಅರಿಯದೆ ಹೋದವನ ಮೋಟಾರು ಒಂದೂರಿನಲ್ಲಿ ಸರಿಯಾಗಿ ಓಡಿ ಇನ್ನೊಂದೂರಿನಲ್ಲಿ ಕೆಡಬಹುದು. ಭೂಕಂಪಕ್ಕೂ ಟೈಫೂನ್ ಬಿರುಗಾಳಿಗೂ ಉಪ್ಪುಗಾಳಿಗೂ ಯಂತ್ರವು ತಡೆಯಬೇಕು. ವಿವರಣೆಯೆಲ್ಲ ಜಪಾನೀ ಭಾಷೆಯಲ್ಲಿರಬೇಕು. ಕೆಟ್ಟರೆ ಮರುದಿನವೇ ರಿಪೇರಿಗೆ ಆಳು ಬರಬೇಕು. ಅಲ್ಲಿ ಲಾಭವೂ ನಿಶ್ಚಿತವಲ್ಲ. ಕಡಲಗಾಳಿಯ ಮೂರು ಗುತ್ತಿಗೆಗಳನ್ನು 2021ರಲ್ಲಿ ಗೆದ್ದಿದ್ದ ಮಿತ್ಸುಬಿಷಿ ಕಾರ್ಪೊರೇಷನ್ನಿನವರೇ ಖರ್ಚು ಏರಿತೆಂದು 2025ರ ಆಗಸ್ಟಿನಲ್ಲಿ ಕೈಬಿಟ್ಟರು.

ಇನ್ನು ನಮ್ಮ ಮುಖ್ಯವಾದ ಎಚ್ಚರಿಕೆ. ಸೂರ್ಯಶಕ್ತಿಯ ಬಲದಿಂದ ಇಲ್ಲಿ ತಯಾರಿಸಿದ ಅಮೋನಿಯವನ್ನು ಜಪಾನಿಗೆ ಕಳುಹಿಸುವ ಮಾತು ಬಲವಾಗಿ ನಡೆದಿದೆ. ಒಡಿಶಾದಿಂದ ವರ್ಷಕ್ಕೆ 4 ಲಕ್ಷ ಟನ್ ಕಳುಹಿಸುವ ಬಗೆಗೆ ನಮ್ಮ ಆಕ್ಮೆ ಸಂಸ್ಥೆಗೂ ಅವರ ಐ.ಎಚ್.ಐ. ಸಂಸ್ಥೆಗೂ 2024ರಲ್ಲಿ ಪ್ರಾಥಮಿಕ ಒಡಂಬಡಿಕೆಯಾಯಿತು. ಇದು ಸಂತೋಷದ ಸಂಗತಿಯೇ. ಆದರೆ ಹಳೆಯ ಹತ್ತಿಯ ಕಥೆಯನ್ನು ಮರೆಯಬಾರದು. 1893ರಲ್ಲಿ ಮುಂಬಯಿಯಿಂದ ಕೋಬೆಗೆ ಹಡಗು ಸಂಚಾರ ತೊಡಗಿದ ಮೇಲೆ ನಮ್ಮ ಹತ್ತಿಯು ಬೇಲುಬೇಲಾಗಿ ಹೋಯಿತು, ಬಟ್ಟೆಯಾಗಿ ಮರಳಿತು. 1934ರ ಒಪ್ಪಂದದಲ್ಲಿ ಅವರು 10 ಲಕ್ಷ ಬೇಲು ಹತ್ತಿಯನ್ನು ಕೊಂಡರೆ ಇಲ್ಲಿ 32½ ಕೋಟಿ ಗಜ ಬಟ್ಟೆಗೆ ಎಡೆಕೊಡಬೇಕೆಂದಾಯಿತು. ಬೆಳೆ ನಮ್ಮದು, ಕಸಬು ಅವರದು. ಲಾಭ ಯಾರದೆಂದು ಹೇಳಬೇಕಾದುದಿಲ್ಲ. ಈಗಲೂ ನಮ್ಮ ಬಿಸಿಲನ್ನೂ ನೀರನ್ನೂ ಹಡಗಿಗೆ ತುಂಬಿ ಕಳುಹಿಸಿ, ಅಮೋನಿಯ ಉರಿಸುವ ಟರ್ಬೈನನ್ನು ನಾಳೆ ಅವರಿಂದಲೇ ಕೊಂಡರೆ, ಅಮೋನಿಯವು ಈ ಕಾಲದ ಹತ್ತಿಯ ಬೇಲಾಗುವುದರಲ್ಲಿ ಸಂಶಯವಿಲ್ಲ.

2011ರ ಆಗಸ್ಟಿನಿಂದ ಜಪಾನಿಗೂ ನಮಗೂ ಸುಂಕದ ಒಪ್ಪಂದವಿದೆ. ಆದರೂ ಅಲ್ಲಿಂದ ನಾವು ತರಿಸುವ ಸರಕಿನ ಬೆಲೆಯು ಕಳುಹಿಸುವುದಕ್ಕಿಂತ ಸುಮಾರು ಮೂರು ಪಟ್ಟು. ಸುಂಕವನ್ನು ಇಳಿಸಿದ ಮಾತ್ರಕ್ಕೆ ವ್ಯಾಪಾರವು ಬೆಳೆಯದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಸರ್ಕಾರದವರು ಅಮೋನಿಯದ ಒಡಂಬಡಿಕೆಗಳಲ್ಲಿ ಯಂತ್ರನಿರ್ಮಾಣದ ವಿದ್ಯೆಯೂ ಇಲ್ಲಿಗೆ ಬರುವಂತೆ ಷರತ್ತು ಹಾಕಲಿ. ಸಣ್ಣ ಕಾರ್ಖಾನೆಗಳು ಜಪಾನಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಲು ತಗಲುವ ವೆಚ್ಚದಲ್ಲಿ ಪಾಲು ಹೊರಲಿ. ನಮ್ಮ ವರ್ತಕರು ಕಲಿಯುವುದಕ್ಕೆ ಟೋಕಿಯೋವರೆಗೆ ಹೋಗಬೇಕಾಗಿಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಗೆ ಬಿಡಿಭಾಗಗಳನ್ನು ಒದಗಿಸುವ ನಮ್ಮವರು, ಜಪಾನೀಯರು ಒಂದು ಕೂದಲೆಳೆಯ ತಪ್ಪನ್ನೂ ಸಹಿಸರೆಂಬುದನ್ನು ವರ್ಷಗಳಿಂದ ಬಲ್ಲರು. ಆ ಶಿಸ್ತನ್ನು ಅವರಿಂದ ಕಲಿತು, ನಮ್ಮ ಬುದ್ಧಿಯಿಂದ ಹುಟ್ಟಿದ ಯಂತ್ರವನ್ನು ಹೊತ್ತು ಜಪಾನಿಗೆ ಹೋದರೆ ಪೇಟೆಯೂ ದೊರೆಯುವುದು, ಮರ್ಯಾದೆಯೂ ದೊರೆಯುವುದು.