ಪರದೆ ನೋಡಿ ಲ್ಯಾಪ್‌ಟಾಪ್ ಕೊಳ್ಳಿ

ಕಾಲೇಜು ಪ್ರವೇಶದ ಗಡಿಬಿಡಿ ಮುಗಿಯುತ್ತಿದ್ದಂತೆ ತಂದೆ-ತಾಯಿಯರಿಗೆ ಎದುರಾಗುವ ಮುಂದಿನ ಪ್ರಶ್ನೆ, ‘ಮಕ್ಕಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸುವುದು?’ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವ ನಮ್ಮ ನೆರೆಯವರು ಈಚೆಗೆ ಒಂದು ಭಾನುವಾರ ಇದೇ ಪ್ರಶ್ನೆ ಹಿಡಿದು ಮನೆಗೆ ಬಂದರು. ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಹೊಂದಿಸಿಕೊಂಡಿದ್ದ ಹಣ 45 ಸಾವಿರ ರೂಪಾಯಿ. ಅದರಲ್ಲಿ ಅರ್ಧ ಸೊಸೈಟಿಯ ಸಾಲ.

ಅವರ ಬಳಿ ಒಂದು ಚೀಟಿಯೂ ಇತ್ತು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅವರ ಅಣ್ಣನ ಮಗ ಬರೆದುಕೊಟ್ಟದ್ದು. ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದೆಲ್ಲ ವಿವರವಾಗಿ ಬರೆದಿದ್ದ ಆತ, ಪರದೆ ಎಂಬುದರ ಮುಂದೆ ಮಾತ್ರ ‘ಯಾವುದಾದರೂ ಸರಿ’ ಎಂದು ಮುಗಿಸಿದ್ದ.

ಆ ಹುಡುಗನ ಪಾಲಿಗೆ ಅದು ಸರಿಯೇ. ಕಚೇರಿಯಲ್ಲಿ ಅವನ ಮೇಜಿನ ಮೇಲೆ ಕಂಪನಿಯವರು ಕೊಟ್ಟ ದೊಡ್ಡ ಮಾನಿಟರ್ ಇರುತ್ತದೆ. ಲ್ಯಾಪ್‌ಟಾಪಿನ ಪರದೆ ಅವನಿಗೆ ಎಲೆಯ ತುದಿಯ ಉಪ್ಪಿನಕಾಯಿ ಇದ್ದಂತೆ. ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ವರ್ಷ ಓದುವ ಹುಡುಗಿಗೆ ಅದೇ ಊಟ. ಪಾಠ, ಪ್ರಯೋಗದ ವರದಿ, ಪ್ರಾಜೆಕ್ಟ್ ಎಲ್ಲವನ್ನೂ ಅವಳು ಅದರಲ್ಲೇ ನೋಡಬೇಕು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಸಾಲದಿದ್ದರೆ ಆಮೇಲೆ ಸೇರಿಸಬಹುದು. ಎಸ್‌ಎಸ್‌ಡಿ ತುಂಬಿದರೆ ಬದಲಾಯಿಸಬಹುದು. ಪರದೆ ಮಾತ್ರ ಹಾಗಲ್ಲ. ಕೊಂಡ ದಿನ ಹೇಗಿತ್ತೋ ಕೊನೆಯವರೆಗೂ ಹಾಗೆಯೇ ಎಂದು ತಿಳಿಯುವುದು ಕ್ಷೇಮ. ಆದ್ದರಿಂದ ಕೈಯಲ್ಲಿರುವ ಹಣಕ್ಕೆ ಮಿತಿ ಇದ್ದಾಗ, ಮುಂದೆ ಸರಿಪಡಿಸಲಾಗದ ಭಾಗಕ್ಕೆ ಮೊದಲು ಹಣ ಹಾಕುವುದು ಜಾಣತನ.

ಹಾಗಾದರೆ ಪರದೆಯಲ್ಲಿ ನೋಡಬೇಕಾದದ್ದೇನು? 15.6 ಇಂಚು ಎಂಬುದು ಮೂಲೆಯಿಂದ ಮೂಲೆಗೆ ಇರುವ ಅಳತೆ ಮಾತ್ರ. ಅಷ್ಟು ಜಾಗದಲ್ಲಿ ಎಷ್ಟು ಚುಕ್ಕೆಗಳಿವೆ, ಅಂದರೆ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದು ಮುಖ್ಯ. 1366×768 ಎಂದಿದ್ದರೆ ಒಟ್ಟು ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳು. ‘ಫುಲ್ ಎಚ್‌ಡಿ’ ಎನ್ನುವ 1920×1080ರಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. 15.6 ಇಂಚಿನ ಪರದೆಯಲ್ಲಿ ಮೊದಲನೆಯದಕ್ಕೆ ಇಂಚಿಗೆ ಸುಮಾರು 100 ಚುಕ್ಕೆ, ಎರಡನೆಯದಕ್ಕೆ 141.

ನೆರೆಯವರಿಗೆ ತಟ್ಟನೆ ಅರ್ಥವಾಯಿತು. ‘ಅಂದರೆ ವರ್ನಿಯರ್ ಬಿಟ್ಟು ಸ್ಕೇಲಲ್ಲಿ ಅಳೆದ ಹಾಗೆ, ಅಲ್ವಾ ಸಾರ್?’ ಎಂದರು.

ನಮ್ಮ ಭಾಷೆಗೆ ಈ ಸೂಕ್ಷ್ಮತೆ ಇನ್ನೂ ಹೆಚ್ಚು ಬೇಕು. ಚುಕ್ಕೆ ಕಡಿಮೆಯಾದರೂ ಇಂಗ್ಲಿಷ್ ಅಕ್ಷರ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಕಲಸಿಹೋಗುತ್ತದೆ. ಅಂಗಡಿಯಲ್ಲಿ ‘ರಾಷ್ಟ್ರ’, ‘ಸ್ತ್ರೀ’, ‘ಲಕ್ಷ್ಮಿ’ ಎಂಬ ಮೂರು ಪದಗಳನ್ನು ಪುಸ್ತಕದಲ್ಲಿರುವಷ್ಟೇ ಗಾತ್ರದಲ್ಲಿ ಮೂಡಿಸಿ, ಒಂದು ಮೊಳ ದೂರದಿಂದ ಓದಿ ನೋಡಿ. ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಆ ಪರದೆ ಓದಿಗೆ ಯೋಗ್ಯ.

ಎರಡನೆಯದು, ಪರದೆಯ ಜಾತಿ. ‘ಟಿಎನ್’ ಬಗೆಯದಾದರೆ ಮೇಲಿನಿಂದಲೋ ಕೆಳಗಿನಿಂದಲೋ ನೋಡಿದಾಗ ಬಣ್ಣ ಕೆಡುತ್ತದೆ. ‘ಐಪಿಎಸ್’ ಬಗೆಯದರಲ್ಲಿ ಹೆಚ್ಚು ವ್ಯತ್ಯಾಸವಾಗದು. ಮುಚ್ಚಳವನ್ನು ಹಿಂದೆ ಮುಂದೆ ಬಾಗಿಸಿದರೆ ಗೊತ್ತಾಗಿಬಿಡುತ್ತದೆ. ಮೂರನೆಯದು, ಬೆಳಕು. ಇದನ್ನು ‘ನಿಟ್’ ಎಂಬ ಮಾನದಲ್ಲಿ ಹೇಳುತ್ತಾರೆ. ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ 250 ನಿಟ್ ಇರುತ್ತದೆ. ಕೋಣೆಯೊಳಗೆ ಅಷ್ಟು ಸಾಕು. ಕಿಟಕಿಯ ಪಕ್ಕ ಕೂತು ಓದುವವರಿಗೆ 300ಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ಕನ್ನಡಿಯಂತೆ ಹೊಳೆಯುವ ಪರದೆಯಲ್ಲಿ ಪಾಠಕ್ಕಿಂತ ಟ್ಯೂಬ್‌ಲೈಟೇ ಚೆನ್ನಾಗಿ ಕಾಣುತ್ತದೆ, ಹೊಳಪಿಲ್ಲದ್ದೇ ಮೇಲು.

ಹಣ ಹಾಕಬೇಕಾಗಿಲ್ಲದ ಕಡೆಗಳೂ ಇವೆ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ಪರದೆ ಆಟವಾಡುವವರಿಗೆ. ಪ್ರೋಗ್ರಾಂ ಬರೆಯಲು 60 ಸಾಕು. 4ಕೆ, ಟಚ್ ಇವೂ ಸಾಮಾನ್ಯ ವಿದ್ಯಾರ್ಥಿಗೆ ಅಲಂಕಾರವೇ. ಬಣ್ಣಗಳ ನಿಖರತೆ ವಿನ್ಯಾಸ, ಅನಿಮೇಷನ್ ಓದುವವರಿಗೆ ಅಗತ್ಯ; ಅವರು ‘100% ಎಸ್‌ಆರ್‌ಜಿಬಿ’ ಎಂದಿರುವುದನ್ನೇ ಹುಡುಕಬೇಕು. ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣ ಸ್ವಲ್ಪ ಪೇಲವ, ಆದರೆ ಓದು ಬರಹಕ್ಕೆ ಅಡ್ಡಿಯಿಲ್ಲ.

ಒಂದು ಎಚ್ಚರಿಕೆ. ಒಂದೇ ಹೆಸರಿನ ಮಾದರಿ ಬೇರೆಬೇರೆ ಪರದೆಗಳೊಂದಿಗೆ ಮಾರಾಟವಾಗುವುದುಂಟು. ಜಾಹೀರಾತಿನ ದಪ್ಪ ಅಕ್ಷರ ನಂಬದೆ ಪೂರ್ತಿ ಮಾದರಿ ಸಂಖ್ಯೆಯನ್ನು ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ.

ಹಣ ಇನ್ನೂ ಕಡಿಮೆಯಿದ್ದರೆ? ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಗಟ್ಟಿಮುಟ್ಟಾದವೇ, ಆದರೆ ಹಳೆಯವುಗಳಲ್ಲಿ 1366×768ರ ಪರದೆಗಳು ಬೇಕಾದಷ್ಟಿವೆ. ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ತೆರೆದು ಕಲೆ, ಗೆರೆ, ಸತ್ತ ಚುಕ್ಕೆ ಇವೆಯೇ ಪರೀಕ್ಷಿಸಿ. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ, ಗ್ಯಾರಂಟಿ ಎಷ್ಟು ತಿಂಗಳು ಎಂದು ಕೇಳಿ.

ನೆರೆಯವರು ಮಗಳೊಂದಿಗೆ ಎಸ್.ಪಿ. ರಸ್ತೆಗೆ ಹೋದರು. ಹೊಸದರಲ್ಲೇ, ಹೆಚ್ಚುಕಡಿಮೆ ಒಂದೇ ಬೆಲೆಗೆ ಎರಡು ಸಿಕ್ಕವು. ಒಂದರಲ್ಲಿ 16 ಜಿ.ಬಿ. ರ್‍ಯಾಮ್, ಪರದೆ ಮಂಕು. ಇನ್ನೊಂದರಲ್ಲಿ 8 ಜಿ.ಬಿ., ಪರದೆ ಐಪಿಎಸ್, ಜೊತೆಗೆ ರ್‍ಯಾಮ್ ಸೇರಿಸಲು ಒಂದು ಖಾಲಿ ಸ್ಲಾಟು. ಆ ಖಾಲಿ ಸ್ಲಾಟು ಮುಖ್ಯ. ರ್‍ಯಾಮನ್ನು ಬೋರ್ಡಿಗೇ ಬೆಸೆದು ಸ್ಲಾಟು ಕೊಡದಿದ್ದಲ್ಲಿ ನಾನೂ 16 ಜಿ.ಬಿ. ಕಡೆಗೇ ವಾಲುತ್ತಿದ್ದೆ. ಹುಡುಗಿ ಎರಡರಲ್ಲೂ ‘ರಾಷ್ಟ್ರ’ ಬರೆದು ನೋಡಿ, ಎರಡನೆಯದನ್ನು ಆರಿಸಿದಳಂತೆ.

ಪರದೆ ಎಷ್ಟೇ ಒಳ್ಳೆಯದಿರಲಿ, ಎವೆಯಿಕ್ಕದೆ ನೋಡುತ್ತ ಕೂತರೆ ಕಣ್ಣು ದಣಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವ ಅಭ್ಯಾಸ ಮಕ್ಕಳಿಗೆ ಮಾಡಿಸಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.