ಕಣ್ಣು ಉಬ್ಬಿದರೆ ತಾಯತ ಅಲ್ಲ, ಸ್ಕ್ಯಾನ್ ಬೇಕು

ಮುಡುಕುತೊರೆ ಬೆಟ್ಟ ಹತ್ತಿ ಹರಕೆ ಹೊರುವ ನಮ್ಮ ಜನಕ್ಕೆ ಒಂದು ಮಾತು. ಮಗುವಿನ ಒಂದು ಕಣ್ಣು ಮುಂದಕ್ಕೆ ಉಬ್ಬಿ ಬಂದರೆ ಅದು ದೃಷ್ಟಿ ತಾಗಿದ್ದಲ್ಲ, ದೇವರ ಮುನಿಸೂ ಅಲ್ಲ. ಕಣ್ಣಿನ ಗೂಡಿನಲ್ಲಿ ಗಡ್ಡೆ ಇರಬಹುದು. ಮೂಳೆ ಸವೆದಿದೆಯಾ ಅಂತ ಸಿಟಿ ಸ್ಕ್ಯಾನ್ ತೋರಿಸುತ್ತೆ. ಗಡ್ಡೆ ಕಣ್ಣಿನ ನರ ಹಿಡಿದಿದೆಯಾ, ಮಿದುಳಿನತ್ತ ಹೊರಟಿದೆಯಾ ಅಂತ ಎಂಆರ್‌ಐ ತೋರಿಸುತ್ತೆ. ತಡ ಮಾಡಿದಷ್ಟೂ ಅಪಾಯ.

ಆದರೆ "ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡ್ಸಿ" ಅಂತ ಚೀಟಿ ಬರೆಯೋದು ಸುಲಭ. ಹೋದ ದಿನದ ಕೂಲಿ ಯಾರು ಕೊಡ್ತಾರೆ? ಕೇರಿಯ ತಾಯಿ ಆ ಚೀಟಿನ ಸೆರಗಿಗೆ ಕಟ್ಕೊಂಡು ಸುಮ್ಮನಾಗ್ತಾಳೆ. ಅದನ್ನ ಬರೀ ಮೌಢ್ಯ ಅನ್ನಬೇಡಿ. ಸ್ಕ್ಯಾನಿನ ದಿನ, ವಾಹನ, ಕೂಲಿ ಮೂರನ್ನೂ ತಿ. ನರಸೀಪುರದಲ್ಲೇ ಸರ್ಕಾರ ಗೊತ್ತುಮಾಡಿ ಕೊಡಲಿ ಅನ್ನೋದು ನನ್ನ ಒತ್ತಾಯ. ಇದು ದಾನ ಅಲ್ಲ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕು. ಜೈ ಭೀಮ್.